ಕೆಟ್ಟ ಭರಣಿ

ಆಲಿಕೆ ಇಲಾಖೆಯ ಕಟ್ಟಡವನ್ನು ಮ್ಯೂಸಿಯಂ ಮಾಡಿ ಎಷ್ಟೋ ವರ್ಷಗಳಾದವು. ಬೇರೆ ಊರುಗಳಿಂದ ಬಸ್ಸು ಮಾಡಿಕೊಂಡು ಜನ ನೋಡಲು ಬರುತ್ತಾರೆ, ಎದುರಿಗೆ ಕಡಲೆಪುರಿ ಗಾಡಿಗಳೂ ನಿಲ್ಲುತ್ತವೆ. ಆದರೆ ನಮ್ಮೂರಿನವರು ಮಾತ್ರ ಆ ರಸ್ತೆ ಬಂದರೆ ಈಗಲೂ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಮುಗಿದ ಮೇಲೆ ಉಳಿದರ್ಧ ಆಡುತ್ತಾರೆ. ನನ್ನ ಅಮ್ಮ ಸಾವಂತ್ರಮ್ಮ ಅಂತೂ ಆ ರಸ್ತೆಗೇ ಕಾಲಿಟ್ಟವಳಲ್ಲ. ಸಂತೆಗೆ ಹೋಗಬೇಕಾದರೂ ಕೆರೆ ಬಳಸಿಕೊಂಡು ಹೋಗುತ್ತಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ ಮ್ಯೂಸಿಯಂ ನೋಡಿಕೊಳ್ಳುವ ಕಲ್ಲೇಶ ನಮ್ಮ ಬಾಗಿಲಿಗೆ ಬಂದು, "ಅಮ್ಮಾ, ನಿಮ್ಮನೆ ಭರಣಿ ಸಿಕ್ಕಿದೆ" ಎಂದ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತದೆ, "ನಮ್ಮನೆ ಭರಣಿ ಎಲ್ಲಾ ಅಟ್ಟದ ಮೇಲಿದಾವೆ ಕಣಪ್ಪ" ಎಂದಳು.

ನಮ್ಮೂರಿನಲ್ಲಿ ಆಡಿದ ಮಾತು ಭರಣಿಯಲ್ಲಿ ನಿಲ್ಲುತ್ತದೆ. ಬಾಯಿ ತೆರೆದ ಭರಣಿಯನ್ನು ಕೋಣೆಯಲ್ಲಿಟ್ಟರೆ ಅಲ್ಲಿ ನುಡಿದದ್ದೆಲ್ಲ ಅದರೊಳಗೆ ಇಳಿಯುತ್ತದೆ. ಮುಚ್ಚಳ ಹಾಕಿ ಬಟ್ಟೆ ಕಟ್ಟಿದರೆ ಎಷ್ಟು ಕಾಲವಾದರೂ ಕೆಡದೆ ಇರುತ್ತದೆ. ಮುಚ್ಚಳ ತೆಗೆದಾಗ ಒಂದೇ ಸಲ ನುಡಿದು ಖಾಲಿಯಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಖಾಲಿ ಭರಣಿ ಇಟ್ಟುಕೊಂಡು ತೆಗೆದರೆ ದನಿ ಅದಕ್ಕೆ ಹೋಗಿ ಕೂರುತ್ತದೆ. ಆದರೆ ಆಗ ಕೋಣೆಯಲ್ಲಿದ್ದವರ ಕೆಮ್ಮು, ಬಳೆಯ ಸದ್ದು ಎಲ್ಲವೂ ಅದರ ಜೊತೆಗೇ ಇಳಿಯುತ್ತವೆ. ಹಿಂದೆ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಮಗಳು ಬಸುರಿಯಾದರೆ ತವರಿನವರು ಉಪ್ಪಿನಕಾಯಿಯ ಜೊತೆ ಒಂದು ಜೋಗುಳದ ಭರಣಿಯನ್ನೂ ಕಳಿಸುತ್ತಿದ್ದರು. ಅದಲುಬದಲಾಗಿ, ತೊಟ್ಟಿಲ ಪಕ್ಕದಲ್ಲಿ ಮಾವಿನಕಾಯಿ ಉಪ್ಪಿನಕಾಯಿ ತೆರೆದಿಟ್ಟವರೂ ಇದ್ದರು.

ಆಮೇಲೆ, ಎಲ್ಲರೂ ಸಮ, ಎಲ್ಲವೂ ಎಲ್ಲರದು ಎನ್ನುತ್ತ ಕಮ್ಯುನಿಸ್ಟ್ ಸರ್ಕಾರ ಬಂತು. ನಾನು ಆಗ ಹಲ್ಲು ಬೀಳುವ ವಯಸ್ಸಿನವಳು. ಎಲ್ಲರಿಗೂ ಒಂದೇ ಅಳತೆಯ ಅಕ್ಕಿ, ಒಂದೇ ಬಣ್ಣದ ಬಟ್ಟೆ ಸಿಕ್ಕಿತು. ಹಾಗೆಯೇ ಪ್ರತಿ ಮನೆಗೂ ಕೆಂಪು ಪಟ್ಟಿಯ ಒಂದು ಬಿಳಿ ಭರಣಿ ಬಂತು. ನಡುಮನೆಯ ಗೂಡಿನಲ್ಲಿ ಅದನ್ನು ಬಾಯಿ ತೆರೆದು ಇಡಬೇಕು. ಅಮಾವಾಸ್ಯೆಗೊಮ್ಮೆ ಆಲಿಕೆ ಇಲಾಖೆಯವರು ಬಂದು ತುಂಬಿದ್ದನ್ನು ಒಯ್ದು ಖಾಲಿಯದನ್ನು ಇಟ್ಟುಹೋಗುತ್ತಿದ್ದರು. ಊರು ಅದಕ್ಕೂ ಹೊಂದಿಕೊಂಡಿತು. ಗಂಡಹೆಂಡಿರು ಜಗಳಕ್ಕೆ ಹಿತ್ತಲಿಗೆ ಹೋಗುತ್ತಿದ್ದರು. ಅತ್ತೆಯರು ಸೊಸೆಯರನ್ನು ಹುಬ್ಬಿನಲ್ಲೇ ಬೈಯುವುದು ಕಲಿತರು. ಸೀನಿದವರು ಅಭ್ಯಾಸಬಲದಿಂದ "ಕೃಷ್ಣ" ಎಂದುಬಿಟ್ಟರೆ, ಜೊತೆಗಿದ್ದವರು ಗಡಿಬಿಡಿಯಿಂದ "ಸಂಗಾತಿ ಕೃಷ್ಣಪ್ಪ ಬಂದ್ರಾ?" ಎಂದು ಸೇರಿಸುತ್ತಿದ್ದರು.

ದೇವರ ಹೆಸರು ಎತ್ತುವಂತಿರಲಿಲ್ಲ. ಆದರೆ ನಮ್ಮ ಮನೆಗೆ ಒಂದು ವ್ರತವಿತ್ತು. ಕಾರ್ತಿಕದಲ್ಲಿ ಮುಸ್ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಸೊಸೆ ನಡುಮನೆಯಲ್ಲಿ ಕೂತು ನಮ್ಮೂರ ದೇವರ ಕಾವ್ಯವನ್ನು ಬಾಯಲ್ಲೇ, ರಾಗವಾಗಿ ಹೇಳಬೇಕು. ಪುಸ್ತಕ ಎಂಬುದು ಅದಕ್ಕೆ ಎಂದೂ ಇರಲಿಲ್ಲ. ಅಜ್ಜಿಯಿಂದ ಅಮ್ಮನಿಗೆ ಹಾಗೆಯೇ ಬಂದದ್ದು. ಅದಕ್ಕೊಂದು ಕಟ್ಟಳೆಯಿದೆ: ಒಂದು ಪದ್ಯ ಮುಗಿದಾಗ ಕೇಳುವವರಲ್ಲಿ ಒಬ್ಬರು "ಹೂಂ" ಅನ್ನಬೇಕು. ಹೂಂ ಎನ್ನುವವರಿಲ್ಲದೆ ಮುಂದಿನ ಪದ್ಯ ಎತ್ತುವಂತಿಲ್ಲ. ಬರೀ ಗಂಟಲಿನ ಹೂಂ ಅಲ್ಲ. ಕೇಳಿದೆ, ನನ್ನೊಳಗೆ ಇಳಿಯಿತು, ಇನ್ನು ಮುಂದೆ ಹೇಳು ಎನ್ನುವ ಹೂಂ. ಹಾಗೆ ಹೂಂಗುಟ್ಟುವುದರಲ್ಲಿ ನಮ್ಮ ಬೀದಿಗೆಲ್ಲ ಎತ್ತಿದ ಕೈ ಎಂದರೆ ಎದುರುಮನೆಯ ಚೆಲುವಾಜಮ್ಮ. ಆಕೆ ಬಂದು ಕೂತಳೆಂದರೆ ಅಮ್ಮನ ದನಿಗೆ ಬೇರೆಯೇ ಹೊಳಪು. ಕೆಂಪು ಪಟ್ಟಿಯ ಭರಣಿ ಬಂದ ಮೇಲೆ ಆಕೆ ಬರುವುದನ್ನು ಬಿಟ್ಟಳು. ಬಿಡಲೇಬೇಕಿತ್ತು, ಅವಳನ್ನು ಯಾರೂ ದೂರಲಿಲ್ಲ.

ಅಮ್ಮನೂ ಒಂದು ಕಾರ್ತಿಕ ಸುಮ್ಮನಿದ್ದಳು. ಆ ತಿಂಗಳೆಲ್ಲ ಅವಳಿಗೆ ಅನ್ನ ಸೇರಲಿಲ್ಲ. ಮರುವರ್ಷ ದೀಪ ಹಚ್ಚಿ, ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಕಿವಿಯಲ್ಲಿ ಹೇಳಿದಳು: "ದೇವೀರಿ, ನೀನು ಬರೀ ಕೇಳಬೇಕು. ಬಾಯಿ ಬಿಡಬಾರ್ದು. ನಿನ್ನ ದನಿ ಅದರೊಳಗೆ ಬೀಳಬಾರ್ದು." ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತೆ. ಅಮ್ಮ ಹೇಳತೊಡಗಿದಳು. ಪ್ರತಿ ಪದ್ಯದ ಕೊನೆಗೆ ನಿಂತು, ಬಾರದ ಹೂಂಗಾಗಿ ಒಂದು ಉಸಿರಿನಷ್ಟು ಕಾದು, ಗೂಡಿನ ಭರಣಿಯ ಕಡೆ ಒಮ್ಮೆ ನೋಡಿ, ಮುಂದಿನದಕ್ಕೆ ಹೋಗುತ್ತಿದ್ದಳು. ನಾನು ಅಂದು ಮುಚ್ಚಿದ ಬಾಯಿಯನ್ನು ಆಮೇಲೂ ಹೆಚ್ಚು ತೆರೆದವಳಲ್ಲ. ಊರಲ್ಲಿ ನನ್ನನ್ನು ಮೂಗಿ ಎನ್ನುವವರೂ ಇದ್ದಾರೆ. ನನಗೇನೂ ಬೇಸರವಿಲ್ಲ. ಕೇಳುವುದೂ ಒಂದು ಪೂಜೆಯೇ ಎಂದು ನಂಬಿದವಳು ನಾನು.

ಆ ಅಮಾವಾಸ್ಯೆಗೆ ಭರಣಿ ಹೋಯಿತು. ಮುಂದಿನ ಅಮಾವಾಸ್ಯೆಗೆ ಎರಡು ದಿನವಿದೆ ಎನ್ನುವಾಗ ಅಮ್ಮನನ್ನು ಕರೆದೊಯ್ದರು. ಹಾಗೆ ಹೋದವರು ವರ್ಷಗಟ್ಟಲೆ ಬರುತ್ತಿರಲಿಲ್ಲ, ಅಥವಾ ಬರುತ್ತಲೇ ಇರಲಿಲ್ಲ. ಅಮ್ಮ ಮಾತ್ರ ವಾರ ತುಂಬುವ ಮೊದಲೇ ಉಟ್ಟ ಸೀರೆಯಲ್ಲಿ ನಡೆದುಕೊಂಡು ಮನೆಗೆ ಬಂದಳು. ಅದರ ಮರುದಿನವೇ ಚೆಲುವಾಜಮ್ಮನ ಗಂಡ ತಿರುಮಲೆಯ್ಯನವರನ್ನು ಹಿಡಿದೊಯ್ದರು. ಅವರು ಮರಳಲಿಲ್ಲ. ಆವತ್ತು ಸಂಜೆ ಚೆಲುವಾಜಮ್ಮ ನಮ್ಮ ಹೊಸ್ತಿಲಾಚೆ ನಿಂತು ಕೇಳಿದ್ದು ನನಗೆ ನಿನ್ನೆಯಂತಿದೆ.

"ಅಲ್ಲಿ ನಿನ್ನ ಏನು ಕೇಳಿದ್ರು?"

"ಏನೂ ಕೇಳ್ಲಿಲ್ಲ ಕಣೇ."

"ಏನೂ ಕೇಳ್ದೆ ಬಿಟ್ಟುಬಿಟ್ರಾ?"

"ಬಿಟ್ಟುಬಿಟ್ರು."

ಚೆಲುವಾಜಮ್ಮ ತಿರುಗಿ ಹೋಗಿ ಬಾಗಿಲು ಹಾಕಿಕೊಂಡಳು. ಹೋಗಿ ಬೇಗ ಬಂದವರು ಯಾರದೋ ಹೆಸರು ಕೊಟ್ಟು ಬಂದವರು ಎಂಬುದು ಊರಿಗೆಲ್ಲ ಗೊತ್ತಿದ್ದ ಲೆಕ್ಕ. ಸರ್ಕಾರ ಬಿದ್ದ ಮೇಲೂ ಆ ಲೆಕ್ಕ ಬೀಳಲಿಲ್ಲ. ಅಮ್ಮನ ಕೈಯ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರು ಬಾರದಾದರು. ಕಾವ್ಯವನ್ನು ಈಗ ಯಾರು ಬೇಕಾದರೂ ಹೇಳಬಹುದಿತ್ತು, ಆದರೆ ಅಮ್ಮನ ಎದುರು ಕೂತು ಹೂಂ ಎನ್ನುವವರಿರಲಿಲ್ಲ. ನಾನು ಹೂಂ ಎನ್ನುತ್ತೇನೆ ಎಂದರೆ, "ನಿಂದು ಮನೆ ಹೂಂ. ಅದು ಲೆಕ್ಕಕ್ಕಿಲ್ಲ" ಎನ್ನುತ್ತಿದ್ದಳು. ಮೂವತ್ತು ಕಾರ್ತಿಕ ನಮ್ಮ ಮನೆಯಲ್ಲಿ ದೀಪ ಮಾತ್ರ ಉರಿಯಿತು.

ಕಲ್ಲೇಶ ಜಗುಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು ಹೇಳಿದ್ದು ಇಷ್ಟು. ಮ್ಯೂಸಿಯಂನ ಹಿಂಭಾಗದಲ್ಲಿ ಒಂದು ಕೋಣೆಯಿದೆ. ಅದಕ್ಕೆ ಇಲಾಖೆಯವರು ಕೆಟ್ಟ ಭರಣಿಗಳ ಕೋಣೆ ಎನ್ನುತ್ತಿದ್ದರು. ಬೀಗ ತುಕ್ಕು ಹಿಡಿದಿದ್ದರಿಂದ ಈಗಷ್ಟೇ ಒಡೆದು ತೆಗೆದದ್ದು. ಮನೆಗಳಿಂದ ಬಂದ ಭರಣಿಯನ್ನು ಕೇಳುಗನೊಬ್ಬ ತೆರೆದು ಕೇಳುವಾಗ ದನಿ ಎರಡನೇ ಭರಣಿಗೆ ಇಳಿಯಬೇಕು. ಆಗ ಕೇಳುಗನ ದನಿಯೂ ಅದರಲ್ಲಿ ಬಿದ್ದುಬಿಟ್ಟರೆ ಅದು ಕೆಟ್ಟ ಭರಣಿ.

"ಅಂಥದ್ದು ಯಾವ ಕೆಲಸಕ್ಕೂ ಬರ್ತಿರ್ಲಿಲ್ಲ" ಎಂದ ಕಲ್ಲೇಶ. "ಹಿಡಿದು ತಂದವರ ಮುಂದೆ ಭರಣಿ ತೆಗೆದು, ಇದು ನಿನ್ನ ದನಿ ತಾನೇ, ಜೊತೆಗ್ಯಾರಿದ್ರು ಹೇಳು ಅಂತ ಕೇಳೋದು ಅವರ ಕ್ರಮ. ಹಿಡಿಯೋರು ಬೇರೆ, ಕೇಳೋರು ಬೇರೆ, ಹಿಡಿದು ತಂದ್ಮೇಲೇ ಕೆಟ್ಟಿದ್ದು ಗೊತ್ತಾಗೋದು. ಭರಣಿ ಕೆಟ್ಟಿದ್ರೆ ತೆಗೆಯೋ ಹಾಗಿಲ್ಲ. ಭರಣಿ ಇಲ್ದೆ ಒಂದೇ ಒಂದು ಪ್ರಶ್ನೆ ಕೇಳೋ ಹಾಗಿಲ್ಲ. ಅವರಿಗೆ ನಿಯಮ ಅಂದ್ರೆ ನಿಯಮ ಅಮ್ಮ. ಸುಮ್ನೆ ವಾಪಸ್ ಕಳಿಸ್ತಿದ್ರು."

ಏನೂ ಕೇಳಲಿಲ್ಲ ಎಂದು ಅಮ್ಮ ಮೂವತ್ತು ವರ್ಷದಿಂದ ಹೇಳುತ್ತಿದ್ದ, ಯಾರೂ ನಂಬದ ಆ ಮಾತಿಗೆ ಸಾಕ್ಷಿ ಒಂದು ಕತ್ತಲೆ ಕೋಣೆಯಲ್ಲಿ ಮುಚ್ಚಳ ಹಾಕಿಕೊಂಡು ಕೂತಿತ್ತು. ಅಮ್ಮ ಮಾತ್ರ ಕೊನೆಯ ಅವರೆಕಾಯಿ ಬಿಡಿಸಿ, ಸಿಪ್ಪೆಯನ್ನು ಮೊರಕ್ಕೆ ಹಾಕಿ ಎದ್ದಳು.

"ಚೆಲುವಾಜಿ ಬಂದ್ರೆ ಬರ್ತೀನಿ. ಅವಳು ಬರ್ದಿದ್ರೆ ಅದು ಅಲ್ಲೇ ಇರ್ಲಿ. ಒಂದೇ ಸಲ ನುಡಿಯೋದು. ಅವಳ ಕಿವಿಗೆ ಬೀಳ್ದೆ ಹೋದ್ರೆ ನುಡಿದೇನು ಪ್ರಯೋಜನ?"

ಎದುರುಮನೆಗೆ ಹೋಗುವುದು ನನ್ನ ಪಾಲಿಗೆ ಬಂತು. ರಸ್ತೆ ದಾಟಲು ಹತ್ತು ಹೆಜ್ಜೆ ಸಾಕು, ನಾನು ಎಂದೂ ದಾಟಿರಲಿಲ್ಲ. ಚೆಲುವಾಜಮ್ಮ ಸಂಡಿಗೆ ಇಡುತ್ತಿದ್ದಳು. ನನ್ನನ್ನು ನೋಡಿ, "ಓಹೋ, ಮೂಗಿ ಬಂದ್ಲು. ಏನು, ಬೆಂಕಿ ಬೇಕಾ, ಸಕ್ಕರೆ ಬೇಕಾ?" ಎಂದಳು. ನನಗೆ ಬಂದಷ್ಟು ಮಾತಿನಲ್ಲಿ ಎಲ್ಲವನ್ನೂ ಹೇಳಿದೆ. ಆಕೆ ಸಂಡಿಗೆ ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು ಕೇಳಿಸಿಕೊಂಡಳು.

"ನಿಮ್ಮಮ್ಮನ ಪಾರಾಯಣ ಕೇಳೋಕೆ ನಾನ್ಯಾಕೇ ಬರ್ಲಿ? ಅವಳು ನಮ್ಮೆಜಮಾನ್ರ ಹೆಸರು ಹೇಳಿ ಮನೆಗೆ ಬಂದೋಳು."

"ಬಂದು ಕೇಳಿ ಅತ್ತೆ. ಭರಣಿ ಕೆಟ್ಟದ್ದು ಹೌದೋ ಅಲ್ವೋ ಅಂತ ನೀವೇ ಕೇಳಿ."

"ಅಲ್ಲ ಅಂತ ಆದ್ರೆ?"

ಅಮ್ಮನ ದನಿ ಮಾತ್ರ ಇದ್ದು, ಬೇರೆ ದನಿಯೇ ಇರದಿದ್ದರೆ? ಬೇರೆ ಯಾರದೋ ಭರಣಿ ನಮ್ಮ ಹೆಸರಲ್ಲಿ ಸಿಕ್ಕಿದ್ದರೆ? ಚೆಲುವಾಜಮ್ಮನೇ ಹೇಳಿದಳು: "ಅಲ್ಲ ಅಂತಾದ್ರೆ ಅದೇ ರಸ್ತೇಲಿ ನಿಂತು ನಾನು ಕೂಗಿ ಹೇಳೋದೇ. ಇಷ್ಟು ವರ್ಷ ಬಾಗಿಲೊಳಗೆ ಅಂದ್ಕೊಂಡಿದ್ದನ್ನ ಬೀದೀಲಿ ಹೇಳ್ತೀನಿ. ಒಪ್ಗೇನಾ ಕೇಳ್ಕೊಂಡು ಬಾ."

ಅಮ್ಮ ಕಿಟಕಿಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. "ಒಪ್ಗೆ ಅಂತ ಹೇಳು" ಎಂದು ಅಲ್ಲಿಂದಲೇ ನನಗೆ ಹೇಳಿದಳು. "ಕೇಳಿಸ್ತು ಅಂತ ಹೇಳು" ಎಂದು ಚೆಲುವಾಜಮ್ಮ ಇಲ್ಲಿಂದ ನನಗೇ ಹೇಳಿದಳು.

ಗುರುವಾರ ಮೂವರೂ ಹೊರಟೆವು. ರಸ್ತೆಯ ಆ ಅಂಚಿನಲ್ಲಿ ಒಬ್ಬಳು, ಈ ಅಂಚಿನಲ್ಲಿ ಒಬ್ಬಳು, ನಡುವೆ ಎತ್ತಿನ ಗಾಡಿಗೆ ಅಡ್ಡವಾಗಿ ನಾನು. ಆಲಿಕೆ ಇಲಾಖೆಯ ಮೆಟ್ಟಿಲ ಬಳಿ ಅಮ್ಮ ಒಂದು ಗಳಿಗೆ ನಿಂತಳು. ಚೆಲುವಾಜಮ್ಮ ಅದನ್ನು ಓರೆಗಣ್ಣಿನಿಂದ ನೋಡಿ ಮೊದಲು ಹತ್ತಿದಳು.

ಕಲ್ಲೇಶ ಒಂದೊಂದೇ ಕೋಣೆ ತೋರಿಸಿದ. ಪುಟ್ಟ ಭರಣಿ ಅಡಗಿಸಿದ ಕೊಡೆಯ ಹಿಡಿ, ಎರಡು ತಳದ ಹಾಲಿನ ಕ್ಯಾನು, ಕ್ಷೌರದಂಗಡಿಯ ಕುರ್ಚಿಯ ಒಳಗಿಂದ ತೆಗೆದ ಜಾಡಿ, ಮಕ್ಕಳ ಬುಗುರಿಯಷ್ಟು ಸಣ್ಣದೊಂದು. ಬೇರೆ ಊರಿನವರು ಅಲ್ಲಲ್ಲಿ ಬಾಯಿ ತೆರೆದು ನೋಡುತ್ತಿದ್ದರು. ಹಾಲಿನ ಕ್ಯಾನನ್ನು ಚೆಲುವಾಜಮ್ಮ ಬಗ್ಗಿ ನೋಡಿ, "ಅದಕ್ಕೇ ಅವನು ಯಾವಾಗ್ಲೂ ಅರ್ಧ ಪಾವು ಕಮ್ಮಿ ಹಾಕ್ತಿದ್ದ, ಕಳ್ಳ" ಎಂದಳು. ಕೊನೆಗೆ ಆಲಿಸುವ ಕೋಣೆ. ಗೋಡೆಗೆಲ್ಲ ಕಂಬಳಿ ಬಡಿದಿದ್ದರು. ಸಾಲಾಗಿ ಮರದ ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಹಿತ್ತಾಳೆ ಲೋಟ, ಕೆಳಗೊಂದು ಪೀಕದಾನಿ.

"ಇದ್ಯಾಕಪ್ಪ? ಎಲೆಅಡಿಕೆ ಕೊಡ್ತಿದ್ರಾ ಇವರಿಗೆ?" ಎಂದು ಅಮ್ಮ ಕೇಳಿದಳು.

"ನೀರು ಅಮ್ಮ. ಭರಣಿ ತೆಗೆಯೋಕೆ ಮುಂಚೆ ಬಾಯಿ ತುಂಬ ನೀರು ಹಿಡ್ಕೊಂಡು ಕೂರ್ಬೇಕು. ಮುಗಿದ ಮೇಲೇ ಉಗೀಬೇಕು. ಬಾಯಲ್ಲಿ ನೀರಿದ್ರೆ ದನಿ ಬರಲ್ವಲ್ಲ."

"ನಮ್ಮ ಬೀದಿ ಗಂಡಸ್ರಿಗೂ ದಿನಾ ಒಂದೊಂದು ಲೋಟ ಹೀಗೆ ಕೊಟ್ಟಿದ್ರೆ ಸರ್ಕಾರ ಬೀಳ್ತಾನೇ ಇರ್ಲಿಲ್ಲ" ಎಂದಳು ಚೆಲುವಾಜಮ್ಮ. ಅಮ್ಮನಿಗೆ ನಗು ಬಂದುಬಿಟ್ಟಿತು. ಸೆರಗಿನಲ್ಲಿ ಅದನ್ನು ಒರೆಸಿಕೊಂಡಳು.

ಕಲ್ಲೇಶ ಎರಡೂ ಕೈಯಲ್ಲಿ ಭರಣಿ ತಂದ. ಕೆಂಪು ಪಟ್ಟಿಯ ಮೇಲೆ ಅಡ್ಡಲಾಗಿ ಕಪ್ಪು ಬಳಿದಿದ್ದರು. ಅದೇ ಕೆಟ್ಟದ್ದರ ಗುರುತು. ಪಕ್ಕದಲ್ಲಿ ಒಂದು ಹೊಸ ಭರಣಿಯನ್ನು ಬಾಯಿ ತೆರೆದು ಇಟ್ಟ. "ದನಿ ಇದಕ್ಕೆ ಇಳೀಲಿ. ನಾಳೆ ಬರೋರಿಗೂ ಕೇಳೋಕೆ ಸಿಗತ್ತೆ. ಹಾಗಾಗಿ ದಯವಿಟ್ಟು ಎಲ್ಲರೂ..." ಎನ್ನುತ್ತ ಲೋಟಗಳನ್ನು ಕೊಟ್ಟ. ನಾವು ಮೂವರೂ, ಅವನೂ, ಕೆನ್ನೆಯುಬ್ಬಿಸಿಕೊಂಡು ಒಬ್ಬರನ್ನೊಬ್ಬರು ನೋಡದೆ ಕೂತೆವು. ಅವನು ಮುಚ್ಚಳ ತೆಗೆದ.

ಮೊದಲು ನಮ್ಮ ಹಳೇ ಬಾಗಿಲಿನ ಕಿರ್ರೆನ್ನುವ ಸದ್ದು ಬಂತು. ಆಮೇಲೆ ಅಮ್ಮನ ದನಿ. ಪಕ್ಕದಲ್ಲಿ ಕೂತಿದ್ದ ಈ ಒಣಗಿದ ಮುದುಕಿಯದಲ್ಲ. ತುಂಬಿದ ಕೊಡವನ್ನು ತುಳುಕಿಸದೆ ಹೊತ್ತು ನಡೆಯುವವಳ ದನಿ. ತನ್ನ ಊರನ್ನು ನೋಡಿಬರೋಣ ಎಂದು ಗುಡಿಯಿಂದ ಹೊರಬಂದು ದಾರಿ ತಪ್ಪಿದ ದೇವರ ಕಥೆ ಅದು. ಗುಡಿಗೆ ಹೋಗುವ ದಾರಿ ಯಾವುದೆಂದು ಕೇಳುತ್ತ ಅವನು ಮನೆ ಮನೆಯ ಮುಂದೆ ನಿಲ್ಲುತ್ತಾನೆ. ಯಾರಿಗೂ ಅವನ ಗುರುತು ಹತ್ತುವುದಿಲ್ಲ.

"ಊರ ಮರೆತವನಲ್ಲ, ದಾರಿ ಮರೆತವನಣ್ಣ,
ಯಾರ ಮನೆ ಬಾಗಿಲಲಿ ನಿಲಲಿ ನಾನು?"

ಪದ್ಯ ಮುಗಿಯಿತು. ಅಮ್ಮನ ದನಿ ನಿಂತು ಕಾಯಿತು. ಆ ಖಾಲಿ ನನಗೆ ಚೆನ್ನಾಗಿ ಗೊತ್ತು, ಅದರೆದುರು ಬಾಯಿ ಮುಚ್ಚಿಕೊಂಡು ಕೂತವಳು ನಾನೇ. ಆ ಖಾಲಿಯೊಳಗೆ ಈಗ ಗುಟುಕ್ಕೆಂದು ನೀರು ನುಂಗಿದ ಸದ್ದು ಕೇಳಿತು. ಹಿಂದೆಯೇ ಒಂದು ಗಂಡುದನಿ.

"ಹೂಂ."

ಎಳೆಯ ದನಿ. ಮೀಸೆ ಮೂಡುವ ವಯಸ್ಸಿನದು. ಹೇಳಬೇಕೆಂದು ಹೇಳಿದ್ದಲ್ಲ, ಎಡವಿದಾಗ "ಅಮ್ಮಾ" ಎಂದಷ್ಟೇ ಸಹಜವಾಗಿ ಹೊರಟದ್ದು. ಆ ಹುಡುಗನನ್ನು ಯಾವುದೋ ಬೀದಿಯ ಯಾವುದೋ ನಡುಮನೆಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಯಾರೋ ಬೆಳೆಸಿದ್ದರು. ಪದ್ಯ ಮುಗಿದಾಗ ಹೂಂ ಎನ್ನದಿದ್ದರೆ ಹೇಳುವವರು ನೊಂದುಕೊಳ್ಳುತ್ತಾರೆ ಎಂದು ಕಲಿಸಿದ್ದರು. ಇಲಾಖೆ ಅವನ ಬಾಯಿಗೆ ನೀರು ತುಂಬಿಸಿತ್ತು; ಅಷ್ಟು ಒಳಗಿದ್ದುದನ್ನು ತೊಳೆಯಲು ಆ ನೀರು ಸಾಲಲಿಲ್ಲ.

ಕಲ್ಲೇಶನ ಕಣ್ಣು ಅರಳಿತು. ನಾನು ಅಮ್ಮನತ್ತ ನೋಡಿದೆ. ಅವಳು ತನ್ನ ಉಬ್ಬಿದ ಕೆನ್ನೆಯೊಂದಿಗೆ ಭರಣಿಯನ್ನೇ ನೋಡುತ್ತಿದ್ದಳು. ಎರಡನೇ ಪದ್ಯಕ್ಕೂ ಹೂಂ. ಮೂರನೆಯದಕ್ಕೆ ನೀರು ನುಂಗಿದ ಸದ್ದೂ ಇಲ್ಲ. ಹುಡುಗ ಲೋಟ ಮುಟ್ಟುವುದನ್ನೇ ಬಿಟ್ಟಿರಬೇಕು. ದೇವರು ಕುಂಬಾರನ ಮನೆಯಲ್ಲಿ ಬೈಸಿಕೊಂಡು ನೇಕಾರನ ಮನೆಯ ಕಡೆ ಹೊರಟಾಗ ಅವನು, "ಹೂಂ, ಆಮೇಲೆ?" ಎಂದ. ಯಾರೂ ಇಲ್ಲ ಎಂದುಕೊಂಡು ಅಮ್ಮ ಹೇಳಿದ್ದಕ್ಕೆ ಅಷ್ಟು ದೂರದಿಂದ, ಅಷ್ಟು ದಿನ ತಡವಾಗಿ, ಒಬ್ಬ ಆಮೇಲೆ ಎಂದಿದ್ದ.

ಥಟ್ಟನೆ ಬಾಗಿಲು ತೆರೆದ ಸದ್ದು. ಒರಟಾದ ಇನ್ನೊಂದು ದನಿ, "ಯಾರ್ರೀ ಅದು? ಬಾಯಲ್ಲಿ ನೀರಿಲ್ವೇನ್ರೀ?" ಎಂದು ಗದರಿತು. ಕುರ್ಚಿ ಎಳೆದ ಸದ್ದು, ಎಡವಿದ ಹೆಜ್ಜೆಗಳು. ಆಮೇಲೆ ಆ ಹುಡುಗನ ದನಿ ಇಲ್ಲ. ಅಮ್ಮನ ದನಿಗೆ ಇದಾವುದೂ ತಿಳಿಯದು. ಅದು ತನ್ನ ಪಾಡಿಗೆ ನೇಕಾರನ ಮನೆಯ ಪದ್ಯವನ್ನು ಮುಗಿಸಿ, ನಿಂತು, ಕಾಯಿತು.

ಕಂಬಳಿ ಬಡಿದ ಆ ಕೋಣೆಯಲ್ಲಿ ಅಂಥ ನಿಶ್ಶಬ್ದವನ್ನು ತಡೆಯುವುದು ಕಷ್ಟವಾಗಿತ್ತು. ಆಗ ನನ್ನ ಬಲಗಡೆ ಗುಟುಕ್ಕೆಂದಿತು.

"ಹೂಂ" ಎಂದಳು ಚೆಲುವಾಜಮ್ಮ.

ಮೂವತ್ತು ವರ್ಷದ ಹಿಂದಿನದೇ ಹೂಂ. ಒಂಚೂರೂ ಮಾಸಿರಲಿಲ್ಲ. ಕಲ್ಲೇಶ ಹೊಸ ಭರಣಿಯ ಕಡೆ ಕೈ ತೋರಿಸಿ, ನೀರು ತುಂಬಿದ ಬಾಯಿಂದ ಬೇಡ ಬೇಡ ಎಂದು ತಲೆಯಾಡಿಸಿದ. ಚೆಲುವಾಜಮ್ಮ ಅವನತ್ತ ನೋಡಲೂ ಇಲ್ಲ. ಮುಂದಿನ ಪದ್ಯಕ್ಕೂ ಹೂಂ ಎಂದಳು, ಅದರ ಮುಂದಿನದಕ್ಕೂ. ಭರಣಿಯೊಳಗಿನ ಅಮ್ಮ ಹೇಳುತ್ತಲೇ ಹೋದಳು. ಪಕ್ಕದಲ್ಲಿದ್ದ ಅಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಬಾಯಿಯ ನೀರನ್ನು ಮಾತ್ರ ಹಟ ಹಿಡಿದವಳಂತೆ ಬಿಡಲಿಲ್ಲ. ನೇಕಾರನ ಮನೆಯಿಂದ ದೇವರು ಹೊರಬಿದ್ದು ಬೀದಿಗೆ ಬರುವಷ್ಟರಲ್ಲಿ ಭರಣಿ ತೀರಿತು. ಒಳಗೆ ಗಾಳಿ ಸುಳಿದಂತೆ ಸಣ್ಣ ಸದ್ದಾಗಿ ಎಲ್ಲ ನಿಂತಿತು.

ಅಮ್ಮ ಪೀಕದಾನಿಗೆ ನೀರುಗಿದು, ಬಾಯಿ ಒರೆಸಿಕೊಂಡು, ಎಷ್ಟೋ ವರ್ಷಗಳ ಮೇಲೆ ಎದುರುಮನೆಯವಳಿಗೆ ನೇರವಾಗಿ ಮೊದಲ ಮಾತು ಆಡಿದಳು.

"ಕೊನೇದ್ರಲ್ಲಿ ಮುಂಚೆನೇ ಹೂಂಗುಟ್ಬಿಟ್ಟೆ. ಅಲ್ಲಿ ಪದ್ಯ ಇನ್ನೂ ಮುಗಿದಿರ್ಲಿಲ್ಲ."

ಚೆಲುವಾಜಮ್ಮ ಕಲ್ಲೇಶನ ಕಡೆ ತಿರುಗಿದಳು. "ಇನ್ನೊಂದ್ಸಲ ಹೇಳಪ್ಪ. ಇಂಥ ಭರಣಿ ಆದ್ರೆ ಏನೂ ಕೇಳ್ತಿರ್ಲಿಲ್ವಾ?"

"ಏನೂ ಕೇಳ್ತಿರ್ಲಿಲ್ಲ ಅಮ್ಮ. ಇಲಾಖೆಯವನೇ ದೇವರ ಪದಕ್ಕೆ ಹೂಂಗುಟ್ಟಿದಾನೆ ಅಂತ ಹೊರಗೆ ಗೊತ್ತಾದ್ರೆ ಅವರ ಮಾನ ಹೋಗ್ತಿತ್ತಲ್ಲ. ಬಾಯ್ಮುಚ್ಕೊಂಡು ಮನೆಗೆ ಕಳಿಸ್ತಿದ್ರು."

"ಒಬ್ಬರ ಹೆಸರೂ ಕೇಳ್ತಿರ್ಲಿಲ್ವಾ?"

"ಯಾರ ಹೆಸರೂ ಇಲ್ಲ."

ಚೆಲುವಾಜಮ್ಮ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡುತ್ತ ಕೂತಳು. ಬೀದಿಯಲ್ಲಿ ನಿಂತು ಕೂಗಲು ಬಂದಿದ್ದವಳು, ಮೆಲ್ಲಗೆ, ನೆಲಕ್ಕೆ ಹೇಳುವವಳಂತೆ, "ನಿಜಾನೇ ಹೇಳಿದ್ಲು" ಎಂದಳು. ಅಷ್ಟೇ. ಅಮ್ಮ ಅದನ್ನು ಕೇಳಿಯೂ ಕೇಳದವಳ ಹಾಗೆ ಸೆರಗು ಸರಿಮಾಡಿಕೊಂಡಳು. ಅವಳ ಕತ್ತಿನಿಂದ ಏನೋ ಭಾರ ಇಳಿದದ್ದು ಮಾತ್ರ ನನಗೆ ಕಂಡಿತು. ಅವಳು ಅಷ್ಟು ನೆಟ್ಟಗೆ ಕೂತಿದ್ದನ್ನು ನಾನು ಮರೆತೇಬಿಟ್ಟಿದ್ದೆ.

"ಆ ಹುಡುಗ ಏನಾದ?" ಎಂದು ನಾನು ಕೇಳಿದೆ.

ಕಲ್ಲೇಶನಿಗೆ ಗೊತ್ತಿರಲಿಲ್ಲ. ಕೇಳುಗರಿಗೆ ಇಲ್ಲಿ ಹೆಸರಿರಲಿಲ್ಲವಂತೆ. ಕೆಲಸದಿಂದ ತೆಗೆದಿರಬಹುದು, ಉಪ್ಪಿನ ಗಣಿಗೆ ಕಳಿಸಿರಬಹುದು, ಬದುಕಿ ಮೊಮ್ಮಕ್ಕಳನ್ನು ಆಡಿಸುತ್ತಲೂ ಇರಬಹುದು. ಯಾವ ಕುರ್ಚಿಯಲ್ಲಿ ಕೂತಿದ್ದ ಎಂದು ಕೂಡ ಹೇಳಲು ಬಾರದು. ಅಮ್ಮ ಎದ್ದು, ಮೊದಲ ಕುರ್ಚಿಯ ತೋಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಎರಡನೆಯದನ್ನು. ಹಾಗೆ ಸಾಲು ಪೂರ್ತಿ ನಡೆದಳು. ಅವುಗಳಲ್ಲಿ ಹೆಚ್ಚಿನವು ನಮ್ಮೂರನ್ನು ಮುರಿದವರು ಕೂತ ಕುರ್ಚಿಗಳು ಎಂದು ಅವಳಿಗೂ ಗೊತ್ತು. ಒಂದು ತಪ್ಪಿಹೋಗಬಾರದೆಂದು ಎಲ್ಲವನ್ನೂ ಮುಟ್ಟಿದಳು. ನಾನು ಅವಳ ಹಿಂದೆ ನಡೆದು, ಆ ಹುಡುಗನಿಗೂ, ಅವನಿಗೆ ಹೂಂಗುಟ್ಟಲು ಕಲಿಸಿದ ಆ ಕಾಣದ ತಾಯಿಗೂ ಮನಸ್ಸಿನಲ್ಲೇ ಕೈಮುಗಿದೆ. ಅವನು ನಮ್ಮನ್ನು ಉಳಿಸಬೇಕೆಂದು ಏನೂ ಮಾಡಲಿಲ್ಲ. ಕಥೆ ಹೇಳುವವಳು ಕಾಯುತ್ತಿದ್ದಾಳೆ ಎಂದಷ್ಟೇ ಅವನಿಗೆ ಅನಿಸಿತು. ದೇವರು ಕೆಲಸ ಮಾಡಿಸಿಕೊಳ್ಳುವುದು ಹೀಗೆಯೇ ಇರಬೇಕು ಎನಿಸಿ ನನ್ನ ಕಣ್ಣು ತುಂಬಿತು.

ಹೊರಡುವಾಗ ಕಲ್ಲೇಶ ಹೊಸ ಭರಣಿಯನ್ನು ಹಿಡಿದು ಪೇಚಾಡುತ್ತಿದ್ದ. "ಇದೂ ಕೆಟ್ಟೋಯ್ತಲ್ಲಮ್ಮ. ಜನಕ್ಕೆ ಏನಂತ ತೋರಿಸ್ಲಿ?"

"ಕಪ್ಪು ಬಳಿದು ಇಡಪ್ಪ" ಎಂದಳು ಅಮ್ಮ. "ಇವಳ ಹೂಂಗೋಸ್ಕರ ಆದ್ರೂ ಜನ ಬರ್ತಾರೆ."

ವಾಪಸು ಬರುವಾಗ ನನ್ನ ನಡುವಿನ ಜಾಗ ಹೋಗಿತ್ತು. ಅವರಿಬ್ಬರೂ ಜೊತೆಗೆ ನಡೆಯುತ್ತಿದ್ದರು, ನಾನು ಹಿಂದೆ. ಕೆರೆ ಏರಿಯ ಹತ್ತಿರ ಚೆಲುವಾಜಮ್ಮ ಹೇಳಿದಳು.

"ನಮ್ಮನೆ ಭರಣೀನೂ ಅಲ್ಲಿದೆಯಂತೆ. ಆ ಕಲ್ಲೇಶ ಎರಡು ವರ್ಷದಿಂದ ಕರೀತಾನೇ ಇದಾನೆ."

ಅಮ್ಮ ನಡೆಯುತ್ತಲೇ ಇದ್ದಳು.

"ನಾನು ತೆಗೆಸಲ್ಲ ಸಾವಂತ್ರಿ. ನಿನ್ನ ಹಿಡ್ಕೊಂಡು ಹೋದ ದಿವ್ಸ ಇವ್ರ ಜೊತೆ ಜಗಳ ಆಡಿದ್ದೆ. ಅಟ್ಟದ ಮೇಲೆ ವಿಗ್ರಹ ಬಚ್ಚಿಟ್ಟಿದ್ದೀರಲ್ಲ, ನಾಳೆ ನಮ್ಮನ್ನೂ ಹೀಗೇ ಒಯ್ತಾರೆ ಅಂತ. ಹೆದರಿಕೇಲಿ. ಜೋರಾಗಿ. ನಡುಮನೇಲೇ."

ಅಮ್ಮ ನಿಂತಳು. ಇಷ್ಟು ವರ್ಷ ತನ್ನ ಮೇಲೆ ಹೊರಿಸಿದ್ದು ಎಲ್ಲಿಂದ ಹುಟ್ಟಿತ್ತೆಂದು ಅವಳಿಗೆ ಆಗ ತಿಳಿದಿರಬೇಕು. ಅಮ್ಮ ಚೆಲುವಾಜಮ್ಮನ ಜಾರಿದ ಸೆರಗನ್ನು ಎತ್ತಿ ಅವಳ ಭುಜದ ಮೇಲೆ ಹಾಕಿದಳು.

"ತೆಗೆಸ್ಬೇಡ ಬಿಡು. ಗಂಡಹೆಂಡ್ತಿ ಜಗಳದಲ್ಲಿ ಊರೋರಿಗೇನು ಕೆಲಸ? ನಡಿ, ಬಿಸಿಲೇರ್ತಿದೆ."

ನಮ್ಮ ಬೀದಿಗೆ ಬಂದೆವು. ಚೆಲುವಾಜಮ್ಮ ತನ್ನ ಮನೆಯ ಕಡೆ ತಿರುಗಲಿಲ್ಲ. ನಮ್ಮ ಹೊಸ್ತಿಲಾಚೆ ನಿಂತು, ಒಳಗೂ ಬಾರದೆ, ಹೊರಗೂ ಹೋಗದೆ, ಕಾಲಿನಿಂದ ಕಲ್ಲೊಂದನ್ನು ಸರಿಸುತ್ತಿದ್ದಳು.

"ಅಲ್ವೇ, ನೇಕಾರನ ಮನೆಯಿಂದ ಹೊರಟ ಆ ದೇವರು ಆಮೇಲೆ ಎಲ್ಲಿಗೆ ಹೋದ? ಗಾಣದವರ ಮನೆಗೆ ತಾನೇ?"

"ಯಾವ ಗಾಣದವರು? ಹೂವಾಡಗಿತ್ತಿ ಮನೆಗೆ" ಎಂದಳು ಅಮ್ಮ.

"ಹೋಗೇ. ಗಾಣದವರ ಮನೆಗೆ. ಎಷ್ಟು ಸಲ ಹೂಂಗುಟ್ಟಿದೀನಿ, ನಂಗೊತ್ತಿಲ್ವಾ?"

"ಎಷ್ಟು ಸಲ ಹೇಳಿದೀನಿ, ನಂಗೊತ್ತಿಲ್ವಾ? ಗಾಣದಲ್ಲಿ ದೇವರಿಗೇನೇ ಕೆಲಸ?"

"ತಲೆಗೊಂದು ತೊಟ್ಟು ಎಣ್ಣೆ ಇಲ್ದೆ ಬೆಳಿಗ್ಗೆಯಿಂದ ಅಲೆದಿದಾನೆ, ಪಾಪ. ಹೂವು ತಗೊಂಡು ಏನು ಮಾಡ್ತಾನೆ?"

"ಹಾಗಾದ್ರೆ ನೀನೇ ಹೇಳು ಕಾವ್ಯಾನ. ನಾನು ಹೂಂ ಅಂತೀನಿ."

"ನಂಗ್ಯಾಕೆ ರಾಗ ಬರತ್ತೆ? ಬಾಯಿ ಇರೋಳು ನೀನು, ಬುದ್ಧಿ ಮಾತ್ರ ಮರೆತಿದೀಯ. ದೇವೀರಿ, ನೀನು ಹೇಳೇ. ಎಲ್ಲಾ ಕೇಳ್ದೋಳು ನೀನು."

ಇಬ್ಬರೂ ನನ್ನತ್ತ ತಿರುಗಿದರು. ನನಗೆ ಗೊತ್ತಿತ್ತು. ದೇವರು ಗಾಣದವರ ಮನೆಗೂ ಹೋಗಲಿಲ್ಲ, ಹೂವಾಡಗಿತ್ತಿಯ ಮನೆಗೂ ಹೋಗಲಿಲ್ಲ. ಅಗಸರ ಮನೆಗೆ ಹೋದ. ಅಲ್ಲಿಂದ ಕೊನೆಯವರೆಗೂ ಒಂದಕ್ಷರ ಬಿಡದೆ ನನ್ನೊಳಗಿದೆ. ನೆನಪಾಗುತ್ತಿಲ್ಲ ಎಂಬಂತೆ ತಲೆಯಾಡಿಸಿದೆ. ಅವರು ಮತ್ತೆ ಒಬ್ಬರ ಮೇಲೊಬ್ಬರು ಏರಿಹೋದರು. ಜಗಳ ಆಡುತ್ತಲೇ ಚೆಲುವಾಜಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಸ್ವಾಮಿ, ಇನ್ನು ಸ್ವಲ್ಪ ಹೊತ್ತು ಬೀದಿಯಲ್ಲೇ ನಿಂತಿರಪ್ಪ ಎಂದು ದೇವರನ್ನು ಬೇಡಿಕೊಂಡು, ನಾನು ನಡುಮನೆಯಲ್ಲಿ ಚಾಪೆ ಹಾಸಿದೆ.